ಹೋಲ್ಡರ್ ಮನೆಯ ಬಾಟಲಿಗಳು

ಶುಕ್ರವಾರ ಮಧ್ಯಾಹ್ನದೊಳಗೆ ವರದಿ ಹೋಗಬೇಕು. ಆ ವರದಿಯಿಂದ ಮೀನುಗಾರ ಎಲ್ರಿಕ್ ಹೋಲ್ಡರ್ ತಂದ ತೊಂಬತ್ತಾರು ಬಾಟಲಿಗಳ ಅಳತೆಯನ್ನು ಕಿತ್ತುಹಾಕಬೇಕು ಎಂದು ಡಾಕ್ಟರ್ ಕರ್ವಿನ್ ಹೇಳಿದಾಗ ಮೆರ್ಲೀನ್ ಕನ್ನಡಕ ತೆಗೆದು ಒರೆಸತೊಡಗಿದಳು. ದ್ವೀಪದ ರಾಜಧಾನಿ ಬ್ರಿಜ್‌ಟೌನಿನ ಆ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷದಿಂದ ಕಡಲ ನೀರಿನ ಉಪ್ಪು ಅಳೆಯುತ್ತಿದ್ದವಳು ಅವಳು.

ಉಪಗ್ರಹವೊಂದು ಮೇಲಿನಿಂದಲೇ ಕಡಲ ಮೈಯ ಉಪ್ಪನ್ನು ಅಂದಾಜು ಮಾಡಿ ನಕ್ಷೆ ಕಳಿಸುತ್ತಿತ್ತು. ಆ ಅಂದಾಜು ಎಷ್ಟು ಸರಿ ಎಂದು ನೋಡಲು ಕಡಲಿನ ನೀರೇ ಬೇಕು. ಡಿಸೆಂಬರಿನಿಂದ ಆರು ಮೀನುದೋಣಿಯವರು ದೂರ ಹೋದಾಗಲೆಲ್ಲ ಬಾಟಲಿ ತುಂಬಿ ತರುತ್ತಿದ್ದರು. ಐದು ದೋಣಿಗಳ ಅಳತೆ ನಕ್ಷೆಗೆ ಹತ್ತಿರವೇ ಇತ್ತು. ಆರರಲ್ಲಿ ಪೂರ್ವ ತೀರದ ಏಕೈಕ ದೋಣಿ ಎಲ್ರಿಕ್‌ನದು. ಅವನ ನೀರು ಮಾತ್ರ ಹೆಚ್ಚುಕಮ್ಮಿ ಪ್ರತಿ ಸಲವೂ, ಕಿಲೋ ನೀರಿಗೆ ಸುಮಾರು ಮೂವತ್ತೈದು ಗ್ರಾಂ ಇರಬೇಕಾದ ಉಪ್ಪಿನಲ್ಲಿ, ಗ್ರಾಮಿನ ಮೂರನೇ ಒಂದು ಪಾಲಿನಷ್ಟು ಸಪ್ಪೆ.

"ಮುದುಕ ದೂರ ಹೋಗೋದೇ ಇಲ್ಲ ಅನ್ಸತ್ತೆ, ಮಿಸ್ ಮೆರ್ಲೀನ್. ಹಳ್ಳ ಕಡಲಿಗೆ ಸೇರೋ ಕಡೆ ನಿಂತು ತುಂಬ್ಕೊಂಡು ಬರ್ತಾನೆ," ಎಂದ ಕರ್ವಿನ್.

"ನಲವತ್ತು ವರ್ಷ ಕಡಲಿಗೆ ಹೋದವನು ಬಾಟಲಿಗೋಸ್ಕರ ಸುಳ್ಳು ಹೇಳ್ತಾನಾ?"

"ಹಾಗಾದ್ರೆ ಕಾರಣ ಕೊಡಿ. ನಂಗೂ ಬಿಡೋ ಆಸೆ ಇಲ್ಲ. ಆ ಕಡೆಯಿಂದಲೇ ಅಲ್ವಾ ಹಸಿರು ನೀರು ಬರೋದು?"

ಅಮೆಜಾನ್ ನದಿಯ ನೀರು ಹಸಿರಾಗಿ, ಸಪ್ಪೆಯಾಗಿ ಪೂರ್ವದಿಂದ ಬಂದರೆ ಹಾರುಮೀನು ಮಾಯ. ಮೊದಲೇ ತಿಳಿದರೆ ದೋಣಿಗಳಿಗೆ ಖಾಲಿ ಸುತ್ತಾಟ ತಪ್ಪುತ್ತದೆ. ಎಲ್ರಿಕ್‌ನ ಬಾಟಲಿ ಬಿಟ್ಟರೆ ಆ ದಿಕ್ಕಿನಲ್ಲಿ ನಕ್ಷೆಯನ್ನು ಪರೀಕ್ಷಿಸುವವರೇ ಇರುವುದಿಲ್ಲ.

ಸಂಜೆ ಮೆರ್ಲೀನ್ ಕಪಾಟಿನ ಮುಂದೆ ನಿಂತಳು. ಉಳಿದವರ ಬಾಟಲಿಗಳ ಮೇಲೆ ಉಪ್ಪು ಕಟ್ಟಿತ್ತು, ಮೀನಿನ ಹುರುಪೆ ಅಂಟಿತ್ತು. ಎಲ್ರಿಕ್‌ನವು ಮದುವೆಗೆ ಹೊರಟ ಹಾಗೆ ಫಳಫಳ. ಮಾರ್ಚಿನ ಮೂರು ಬಾಟಲಿ ಮಾತ್ರ ಗಲೀಜಾಗಿದ್ದವು. ಅವುಗಳ ಅಳತೆ ತೆಗೆದು ನೋಡಿದಳು. ಮೂರೂ ನಕ್ಷೆಗೆ ಸರಿಯಾಗಿ ಕೂತಿದ್ದವು.

ಗುರುವಾರ ಅವಳು ಹನ್ನೆರಡು ಒಣ ಬಾಟಲಿಗಳನ್ನು ಒಂದೊಂದಾಗಿ ತೂಗಿ ಬರೆದುಕೊಂಡು, ಚೀಲಕ್ಕೆ ಹಾಕಿ, ಎಲ್ರಿಕ್‌ನ ಊರಾದ ಕಾನ್ಸೆಟ್ ಬೇ ಕಡೆಯ ನೀಲಿ ಬಸ್ಸು ಹತ್ತಿದಳು.

ಎಲ್ರಿಕ್ ಮನೆಯ ಮೆಟ್ಟಿಲ ಮೇಲೆ ಬಲೆ ಹೊಲಿಯುತ್ತಿದ್ದ. "ಏನು, ಮೇಡಮ್ಮೇ ಬಂದುಬಿಟ್ರು! ನನ್ನ ನೀರು ಅಷ್ಟು ರುಚಿಯಾ?"

"ರುಚಿ ಕಮ್ಮಿ ಆಯ್ತು ಅಂತಲೇ ಬಂದೆ, ಕ್ಯಾಪ್ಟನ್."

ಅವನ ಹೆಂಡತಿ ವೆರೋನಾ ತಣ್ಣನೆಯ ಮಾಬಿ ತೊಗಟೆಯ ಪಾನಕ ತಂದುಕೊಟ್ಟಳು. ಅವಳ ಹಿಂದೆ, ಕಿಟಕಿಯ ಹಲಗೆಯ ಮೇಲೆ, ಮರುದಿನದ ಬಾಟಲಿಗಳು ಮುಚ್ಚಳ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ತಳದಲ್ಲೂ ಹನಿ ಮಿನುಗುತ್ತಿತ್ತು.

"ನೀನು ತೊಳೀತೀಯಾ, ವೆರೋನಾ?"

"ಮತ್ತೆ? ಇನ್ನೊಬ್ಬರ ಬಾಟಲೀನ ಹಾಗೇ ಕೊಳಕಾಗಿ ವಾಪಸ್ ಕೊಡೋದಾ? ನಮ್ಮಮ್ಮ ಹಾಗೆ ಬೆಳೆಸಿಲ್ಲ. ತುಂಬಿ ತಂದ ಮೇಲೆ ಹೊರಗೆ ತೊಳೀತೀನಿ, ತುಂಬೋಕೆ ಮುಂಚೆ ಒಳಗೂ ನಲ್ಲಿ ನೀರಲ್ಲಿ ತೊಳೆದು, ಒಂದೇ ಸಲ ಕೊಡವಿ, ತಕ್ಷಣ ಮುಚ್ಚಿಬಿಡ್ತೀನಿ. ಇರುವೆ ಕಾಟ."

ಮೆರ್ಲೀನ್ ಎಲ್ರಿಕ್ ಕಡೆ ತಿರುಗಿದಳು. "ತುಂಬೋ ಮುಂಚೆ ಕಡಲ ನೀರಲ್ಲೇ ಮೂರು ಸಲ ಗಲಬರಿಸಬೇಕು ಅಂದಿದ್ನಲ್ಲ?"

"ಇವಳು ತೊಳೆದದ್ದನ್ನ ನಾನು ಮತ್ತೆ ತೊಳೀಲಾ? ವಿಷಯ ಗೊತ್ತಾದ್ರೆ ಮನೇಲಿ ಊಟ ಸಿಗತ್ತಾ ನಂಗೆ?"

"ಮಾರ್ಚಲ್ಲಿ?"

"ಆಗ ಇವಳು ತಂಗಿ ಮನೇಲಿದ್ಲು, ಕಣ್ಣಿನ ಆಪರೇಷನ್‌ಗೆ. ಬಾಟಲಿ ಗಲೀಜಿತ್ತು, ಅದಕ್ಕೆ ನೀವು ಹೇಳಿದ ಹಾಗೆ ಕಡಲಲ್ಲೇ ತೊಳೆದೆ."

ವೆರೋನಾ ಲೋಟ ಕೆಳಗಿಟ್ಟಳು. "ಅಂದ್ರೆ ನನ್ನ ಕೈಯಿಂದಲೇ ಕೆಟ್ಟಿತಾ? ಆರು ತಿಂಗಳು ಕಷ್ಟಪಟ್ಟು ತಂದದ್ದೆಲ್ಲ?"

"ಕೆಟ್ಟಿದೆಯೋ ಇಲ್ವೋ ನಿನ್ನ ಕೈಯೇ ಹೇಳತ್ತೆ," ಎಂದು ಮೆರ್ಲೀನ್ ಚೀಲ ಬಿಚ್ಚಿದಳು. "ಇವನ್ನ ನೀನು ದಿನಾ ತೊಳೆಯೋ ಹಾಗೇ ತೊಳೆದುಕೊಡು. ಹೆಚ್ಚು ಬೇಡ, ಕಮ್ಮಿ ಬೇಡ."

ವೆರೋನಾ ತೊಳೆದಳು. ಮೊದಲ ಬಾಟಲಿಯನ್ನು ಗಾಬರಿಯಲ್ಲಿ ಅರೆಬರೆ ಕೊಡವಿ ಮುಚ್ಚಿಬಿಟ್ಟಳು. ಮೆರ್ಲೀನ್ ಅವಳ ತಂಗಿಯ ಕಣ್ಣಿನ ವಿಚಾರ ಕೇಳಿದಳು. ಮಾತಿನ ನಡುವೆ ಕೈ ತನ್ನ ಪಾಡಿಗೆ ಹಳೆಯ ಲಯ ಹಿಡಿಯಿತು. ಎಲ್ರಿಕ್ ಒಂದೊಂದೇ ಬಾಟಲಿ ಎತ್ತಿಕೊಟ್ಟ.

ಶುಕ್ರವಾರ ಬೆಳಿಗ್ಗೆ ಕರ್ವಿನ್‌ನ ಎದುರೇ ಮೆರ್ಲೀನ್ ಬಾಟಲಿಗಳನ್ನು ತಕ್ಕಡಿಗೆ ಇಟ್ಟಳು. ಮೊದಲನೆಯದರಲ್ಲಿ ನೀರು ತುಸು ಹೆಚ್ಚಿತ್ತು. ಉಳಿದ ಹನ್ನೊಂದರಲ್ಲೂ ಅರ್ಧ ಟೀ ಚಮಚೆ ನೀರು, ಕೂದಲೆಳೆಯಷ್ಟು ಹೆಚ್ಚುಕಮ್ಮಿ. ಬಾಟಲಿ ತುಂಬುವ ಕಾಲು ಲೀಟರ್ ಕಡಲ ನೀರನ್ನು ಎಲ್ರಿಕ್‌ನ ಅಳತೆಯಲ್ಲಿ ಕಂಡಷ್ಟೇ ಸಪ್ಪೆ ಮಾಡಲು ಅದು ಸಾಕಿತ್ತು.

"ನಮ್ಮ ಯಂತ್ರವೂ ಇಷ್ಟು ಒಂದೇ ಸಮ ಸುರಿಯಲ್ಲ," ಎಂದ ಕರ್ವಿನ್. ತೊಂಬತ್ತಮೂರು ಅಳತೆಗಳಿಗೆ ಆ ಅರ್ಧ ಚಮಚೆಯನ್ನು ಸರಿಹೊಂದಿಸಿದಾಗ ಅವು ಮಾರ್ಚಿನ ಮೂರರ ಪಕ್ಕಕ್ಕೆ ಬಂದು ಕೂತವು. ಹೇಗೆ ತಿದ್ದಿದ್ದು, ಇನ್ನೂ ಎಷ್ಟು ಅನುಮಾನ ಉಳಿದಿದೆ ಎಂಬುದನ್ನು ಅವನು ವರದಿಯಲ್ಲಿ ಬಚ್ಚಿಡದೆ ಬರೆದ. ಆಮೇಲೆ ಮೆಲ್ಲಗೆ, "ಕ್ಯಾಪ್ಟನ್ ಬಗ್ಗೆ ನಾನು ಅಂದದ್ದು..." ಎಂದ.

"ನಂಗೇನೂ ಕೇಳಿಸ್ಲಿಲ್ಲಪ್ಪ," ಎಂದಳು ಮೆರ್ಲೀನ್.

ಜೂನ್ ಮೊದಲ ವಾರ ಎಲ್ರಿಕ್‌ನ ಬಾಟಲಿಗಳು ಬಂದವು. ಹೊರಮೈ ಎಂದಿನಂತೆ ಫಳಫಳ, ಮುಚ್ಚಳಕ್ಕೆ ಸುತ್ತಿದ ಚೀಟಿಯಲ್ಲಿ ವೆರೋನಾಳ ಅಕ್ಷರ: "ತುಂಬಿ ತಂದ ಮೇಲೆ ಹೊರಗಡೆ ಮಾತ್ರ ತೊಳೆದಿದ್ದೇನೆ. ಒಳಗೆ ಅವರೇ ಕಡಲಲ್ಲಿ ಮೂರು ಸಲ." ಜೊತೆಗೆ ಬಟ್ಟೆಯಲ್ಲಿ ಸುತ್ತಿದ ತೆಂಗಿನಕಾಯಿ ಬ್ರೆಡ್ಡು.

ಅಳತೆ ಮೂವತ್ತಮೂರಕ್ಕೆ ಇಳಿದಿತ್ತು. ಉಪಗ್ರಹದ ನಕ್ಷೆಯಲ್ಲಿ ಅಷ್ಟು ಇಳಿತ ಇನ್ನೂ ಕಂಡಿರಲಿಲ್ಲ. ಮೆರ್ಲೀನ್ ಎರಡನೇ ಸಲ ಅಳೆದು ಕರ್ವಿನ್‌ಗೆ ತೋರಿಸಿದಳು.

ಅವನು ಬಾಟಲಿಯನ್ನು ಬೆಳಕಿಗೆ ಹಿಡಿಯಲೂ ಇಲ್ಲ. "ಹೋಲ್ಡರ್ ಮನೇದಲ್ವಾ?" ಎಂದವನೇ ಹಸಿರು ನೀರು ಬಂತೆಂದು ದೋಣಿಗಳಿಗೆ ತಿಳಿಸಲು ಫೋನ್ ಎತ್ತಿಕೊಂಡ.