ಮೂರನೇ ನುಡಿ

ಹಾಡುಗಾರ್ತಿ ಕಾಶೆವ್ವನ ದನಿಯನ್ನು ನಾನು ಮೊದಲು ಕೇಳಿದ್ದು ಬೆಲ್ಲದ ಬಾಗೇವಾಡಿಯಲ್ಲಿ, ಅಪ್ಪನ ಟೇಪ್ ರೆಕಾರ್ಡರಿನಲ್ಲಿ. ಆ ಹಾಡಿನಲ್ಲಿ ಘಟಪ್ರಭೆಗೆ ನೆರೆ ಬಂದಿರುತ್ತದೆ. ಹೊಸದಾಗಿ ಮದುವೆಯಾದವಳೊಬ್ಬಳು ತವರಿಗೆ ಹೊರಟು ಈಚೆ ದಡದಲ್ಲಿ ನಿಂತಿರುತ್ತಾಳೆ.

ಹೊಳಿ ಬಂದೈತಿ ತಾಯಿ, ಹೊಳಿ ಬಂದೈತಿ,
ಆಚೀ ದಂಡ್ಯಾಗ ನನ್ನ ತವರ ಐತಿ.

ಇದು ಪಲ್ಲ, ಮತ್ತೆ ಮತ್ತೆ ಬರುವ ಸಾಲು. ಮೊದಲನೆಯ ನುಡಿಯಲ್ಲಿ, ಅಂದರೆ ಚರಣದಲ್ಲಿ, ಅವಳು ಕೆಂಪು ನೀರನ್ನು ನೋಡುತ್ತಾಳೆ. ಎರಡನೆಯದರಲ್ಲಿ ಅಂಬಿಗನನ್ನು ಕೂಗುತ್ತಾಳೆ. ಅವನು ದೋಣಿಯ ಹಗ್ಗ ಬಿಚ್ಚುವಷ್ಟರಲ್ಲಿ ಕ್ಯಾಸೆಟ್ಟಿನ ಆ ಬದಿ ಮುಗಿದು ಟೇಪಿನ ಗುಂಡಿ ಟಕ್ಕೆಂದು ಮೇಲೇಳುತ್ತಿತ್ತು. ಮಗುಚಿ ಹಾಕಿದರೆ ಬೇರೆ ಹಾಡು. ಮೂರನೇ ನುಡಿ ಇದೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು, ಆದರೆ ಅದನ್ನು ಕೇಳಿದವರು ನಮಗೆ ಸಿಗಲಿಲ್ಲ.

ಈಗ ಯೂಟ್ಯೂಬಿನಲ್ಲಿ ಕಾಶೆವ್ವನ ಕಾರ್ಯಕ್ರಮಗಳು ಬೇಕಾದಷ್ಟಿವೆ. ಅದೇ ಹಾಡನ್ನು ಬೇರೆ ಬೇರೆ ಊರುಗಳಲ್ಲಿ ಹಾಡಿದ್ದನ್ನು ಹುಡುಕಿ ಹುಡುಕಿ ನೋಡಿದೆ. ಒಂದರಲ್ಲೂ ಹಾಡು ಎರಡನೇ ನುಡಿಯ ಆಚೆ ಹೋಗಲಿಲ್ಲ. ನಿಡಸೋಸಿಯ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಉತ್ತರ ಇಲ್ಲದಿರುವುದು ಬೇರೆ, ಇರುವ ಉತ್ತರ ಸಿಗದಿರುವುದು ಬೇರೆ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗೆಲ್ಲ ನನ್ನ ಮನಸ್ಸಿನಲ್ಲಿ ಬರುವುದು ದಡದಲ್ಲಿ ನಿಂತ ಈ ಹುಡುಗಿಯೇ. ದಾಟಿದಳೋ, ದಾಟಲಿಲ್ಲವೋ?

ಹಾಗಾಗಿ ಗಂಡ ಶಿವಪುತ್ರನ ಗೆಳೆಯ ಸೋಮಲಿಂಗ ಮೂಡಲಗಿಯಿಂದ ಅವನಿಗೆ ಫೋನು ಮಾಡಿ, "ಐತವಾರ ಸಂಜೀಕ ನಮ್ಮ ಬಾರಿನ್ಯಾಗ ಕಾಶೆವ್ವನ ಕಾರ್ಯಕ್ರಮ ಇಟ್ಟೇನಿ, ವೈನೀನ ಕರಕೊಂಡ ಬಾ" ಎಂದಾಗ ಶಿವಪುತ್ರ ನನ್ನನ್ನು ಕೇಳುವ ಮೊದಲೇ ನಾನು ಹೂಂ ಅಂದಿದ್ದೆ.

"ಹದಿನಾರು ವರ್ಷದಾಗ ನಾ ಒಮ್ಮಿ ಬಾರಿಗೆ ಹೊಂಟ್ರ ಮಾರಿ ಗಂಟ ಹಾಕತಿದ್ದಿ. ಈಗ ನೀನs ಎಳಕೊಂಡ ಹೊಂಟಿ" ಎಂದು ಅವನು ದಾರಿಯುದ್ದಕ್ಕೂ ಕಾಡಿದ.

ಸೋಮಲಿಂಗನ ಬಾರು ಚಿಕ್ಕದು. ಮುಂದೆ ಮೇಜು ಹಾಕಿದ ಹಾಲ್, ಅದರ ಒಂದು ಮಗ್ಗುಲಿಗೆ ಫ್ಯಾಮಿಲಿ ರೂಮು. ರೂಮೆಂದರೆ ಆಳೆತ್ತರದ ಪ್ಲೈವುಡ್ ಗೋಡೆ ಮತ್ತು ಒಂದು ಪರದೆ, ಅಷ್ಟೇ. ಹೆಂಗಸರು ಬಂದರೆ ಅಲ್ಲೇ ಕೂರಬೇಕು. ಪರದೆಯನ್ನು ಸ್ವಲ್ಪ ಸರಿಸಿದರೆ ಹಾಡುವವರ ಜಾಗ ಕಾಣುತ್ತಿತ್ತು. ಶಿವಪುತ್ರ ಸೋಡಾ, ಶೇಂಗಾ ತರಿಸಿದ. ಹೊರಗೆ ಇನ್ನೂ ಬಿಸಿಲಿತ್ತು. ಹಾಲಿನಲ್ಲಿ ಸಂತೆಗೆ ಬಂದ ವ್ಯಾಪಾರಸ್ಥರು, ಕಬ್ಬಿನ ಟ್ರ್ಯಾಕ್ಟರಿನವರು ತುಂಬಿದ್ದರು.

ಕಾಶೆವ್ವ ಹಸಿರು ಇಳಕಲ್ ಸೀರೆಯುಟ್ಟು ಬಂದಳು. ನಾನು ಊಹಿಸಿದ್ದಕ್ಕಿಂತ ಗಿಡ್ಡ, ದಪ್ಪ. ಒಂದು ಮೊಣಕಾಲು ನೋಯುತ್ತಿರಬೇಕು, ಕುರ್ಚಿಯ ಹಿಡಿ ಹಿಡಿದು ನಿಧಾನವಾಗಿ ಕುಳಿತಳು. ಬದಿಗೆ ಕೀಬೋರ್ಡು ಹಿಡಿದ ಅಳಿಯ ಓಂಕಾರ, ಇನ್ನೊಂದು ಬದಿಗೆ ಢೋಲಕಿಯ ಲಗಮಪ್ಪ. ಮೈಕು ಬಾಯಿಗೆ ಬಂದದ್ದೇ ತಡ, ಅಪ್ಪನ ಟೇಪಿನಲ್ಲಿದ್ದ ಅದೇ ದನಿ ಪ್ಲೈವುಡ್ಡನ್ನು ನಡುಗಿಸಿತು. ಸ್ವಲ್ಪ ಒರಟಾಗಿತ್ತು. ಆ ಒರಟು ನನಗೆ ಇಷ್ಟವಾಯಿತು.

ಆದರೆ ಒಂದು ಹಾಡೂ ನೆಟ್ಟಗೆ ಸಾಗಲಿಲ್ಲ. ನಮ್ಮ ಕಡೆಯ ರೂಢಿ ಅದು. ಹಾಡು ಮನಸ್ಸಿಗೆ ಬಂದವನು ಎದ್ದು ಬಂದು ನೋಟನ್ನು ಕೈಗಿಡುತ್ತಾನೆ. ಹಾಡುವವರು ಅದನ್ನು ಕಣ್ಣಿಗೊತ್ತಿಕೊಂಡು, ಹಾಡನ್ನು ಅಲ್ಲೇ ನಿಲ್ಲಿಸಿ, ಕೊಟ್ಟವರ ಹೆಸರು, ಊರು ಹೇಳಿ, ಮತ್ತೆ ಪಲ್ಲದಿಂದ ಎತ್ತಿಕೊಳ್ಳುತ್ತಾರೆ.

"ಹುಕ್ಕೇರಿಯ ಬಾಳೇಶಣ್ಣಾರು ನಮ್ಮ ಕಲಾ ಮೆಚ್ಚಿ ಪ್ರೀತಿ ಕಾಣಿಕಿ ಕೊಟ್ಟಾರು. ಅವರ ಹೊಲ ಹಸರಾಗಿರಲಿ, ಮನಿ ತುಂಬಿರಲಿ" ಎಂದಳು ಕಾಶೆವ್ವ.

"ಮನಿ ತುಂಬೈತಿ ಬೇ, ನಾಕ ಹೆಣ್ಣ ಅದಾವು!" ಎಂದು ಬಾಳೇಶನ ಜೊತೆಯವನು ಕೂಗಿದ. ಹಾಲಿನಲ್ಲಿದ್ದವರೆಲ್ಲ ನಕ್ಕರು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು, ಮತ್ತೆ ಯಾರೋ ಎದ್ದರು.

ಹೆಸರು ಹೇಳುವುದನ್ನು ಕತ್ತರಿಸಿ ಹಾಕಿದ್ದ ಯೂಟ್ಯೂಬಿನ ಹಾಡುಗಳೆಲ್ಲ ಎರಡನೇ ನುಡಿಯಲ್ಲೇ ಏಕೆ ನಿಂತಿದ್ದವು ಎಂಬುದು ಆಗ ಹೊಳೆಯಿತು. ಅಡ್ಡಿ ಗೊತ್ತಾದರೆ ಅದನ್ನು ತೆಗೆಯುವುದೇ ಮುಂದಿನ ಹೆಜ್ಜೆ ಎಂದು ನನಗೆ ಅನಿಸಿತು. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಅದನ್ನೇ. ಸೋಮಲಿಂಗನನ್ನು ಕರೆಸಿದೆ.

"ಹೊಳಿ ಹಾಡ ಒಂದ ಹಾಡಾಕ ಹೇಳ್ರಿ. ಅದು ಮುಗಿಯೂತನಕ ಯಾರೂ ಏಳಬಾರದು. ಕೊಡೂದನ್ನ ಆಮ್ಯಾಲ ಕೊಡಲಿ."

ಸೋಮಲಿಂಗ ತಲೆ ಕೆರೆದುಕೊಂಡ. "ಕುಡದಾವಗ ಏಳಬ್ಯಾಡ ಅಂದ್ರ ಹೆಂಗ್ರಿ ವೈನಿ? ಏಳೂದೊಂದs ಅವಗ ಬರತೈತಿ."

"ಒಂದs ಹಾಡಿಗೆ."

"ಆತ್ರಿ. ನೀವು ಮಾಸ್ತರರು, ನಿಮಗ ಇಲ್ಲ ಅಂದ್ರ ನಪಾಸ ಮಾಡತೀರಿ."

ಅವನು ಮೇಜಿನಿಂದ ಮೇಜಿಗೆ ಹೋಗಿ ಬಗ್ಗಿ ಕಿವಿಯಲ್ಲಿ ಹೇಳಿದ. ಕೆಲವರು ನಮ್ಮ ಪರದೆಯ ಕಡೆ ತಿರುಗಿ ನೋಡಿದರು. ಕಾಶೆವ್ವನಿಗೆ ಹಾಡಿನ ಹೆಸರಷ್ಟೇ ಹೋಯಿತು.

ಅವಳು ಪಲ್ಲ ಎತ್ತಿದಳು. ಮೊದಲನೇ ನುಡಿ ಮುಗಿಯಿತು, ಯಾರೂ ಏಳಲಿಲ್ಲ. ಗ್ಲಾಸು ಇಡುವ ಸದ್ದೂ ಕಡಿಮೆಯಾಗಿತ್ತು. ನಾನು ಪರದೆಯನ್ನು ಇನ್ನಷ್ಟು ಸರಿಸಿದೆ. ಎರಡನೇ ನುಡಿಯಲ್ಲಿ ಅವಳ ಕಣ್ಣು ಹಾಡನ್ನು ಬಿಟ್ಟು ಮೇಜುಗಳ ಮೇಲೆ ಓಡಾಡತೊಡಗಿತು. ಬಾಳೇಶನ ಮೇಜು, ಬಾಗಿಲ ಬಳಿಯ ಮೇಜು, ಮತ್ತೆ ಬಾಳೇಶನ ಮೇಜು. ಅವನು ತಲೆ ತಗ್ಗಿಸಿ ಶೇಂಗಾ ಸುಲಿಯುತ್ತಿದ್ದ. ಓಂಕಾರ ಲಗಮಪ್ಪನನ್ನು ನೋಡಿದ. ಲಗಮಪ್ಪ ಭುಜ ಹಾರಿಸಿದ.

ಅಂಬಿಗ ಹಗ್ಗ ಬಿಚ್ಚಿದ. ಕಾಶೆವ್ವ ಪಲ್ಲಕ್ಕೆ ಬಂದಳು. ಪಲ್ಲವನ್ನು ಮತ್ತೊಮ್ಮೆ ಹಾಡಿದಳು. ಮೂರನೆಯ ಸಲ ಹಾಡುವಾಗ ದನಿ ಸಣ್ಣದಾಯಿತು, ನಿಂತೇ ಹೋಯಿತು. ಢೋಲಕಿ ಒಂದೆರಡು ಪೆಟ್ಟು ಮುಂದೆ ಹೋಗಿ ಸುಮ್ಮನಾಯಿತು.

"ಯಾಕರೆಪಾ," ಎಂದಳು ಮೈಕಿನಲ್ಲಿ, ನಗಲು ನೋಡುತ್ತ. "ಇಷ್ಟು ಮಂದಿ ಕುಂತೀರಿ, ಒಬ್ಬರ ಹೆಸರೂ ಬರವಲ್ತು. ನನ್ನ ದನಿ ಸತ್ತೈತೇನು? ಹಂಗಿದ್ರ ಹೇಳ್ರಿ, ಎದ್ದ ಹೊಕ್ಕೇನಿ."

ಹಾಲಿನಲ್ಲಿದ್ದವರ ಕಣ್ಣು ಮತ್ತೆ ನಮ್ಮ ಪರದೆಯ ಕಡೆ ಬಂತು. ಮಾಡಿದ್ದು ನಾನಾದ್ದರಿಂದ ಅವರು ಹೇಳುವುದಾದರೂ ಏನು? ಅಡ್ಡಿ ಎಂದು ನಾನು ತೆಗೆಸಿದ್ದು ಅವಳಿಗೆ ಬರಬೇಕಾದ ಉತ್ತರವಾಗಿತ್ತು. ಮೂವತ್ತು ವರ್ಷಗಳಿಂದ ಜನ ಅವಳಿಗೆ ಚೆನ್ನಾಗಿದೆ ಎಂದು ಹೇಳುತ್ತಿದ್ದುದು ಅದೊಂದೇ ರೀತಿಯಲ್ಲಿ. ನಾನು ಒಂದು ಹಾಡಿನ ಹೊತ್ತು ಎಲ್ಲರ ಬಾಯಿ ಕಟ್ಟಿದ್ದೆ.

ಪರದೆ ಸರಿಸಿ ಎದ್ದೆ.

"ಎಲ್ಲಿ ಹೊಂಟಿ?" ಎಂದ ಶಿವಪುತ್ರ. "ಕೊಡೂದಿದ್ರ ನನ್ನ ಕೈಯಾಗ ಕೊಡು, ನಾ ಕೊಟ್ಟ ಬರತೇನಿ."

"ತಪ್ಪ ನಂದ ಐತಿ, ನಾನs ಹೋಗತೇನಿ."

ಮೇಜುಗಳ ನಡುವೆ ನಡೆದೆ. ಒಬ್ಬ ಕಾಲು ಒಳಗೆಳೆದುಕೊಂಡ, ಇನ್ನೊಬ್ಬ ಕೈಯಲ್ಲಿದ್ದ ಸಿಗರೇಟನ್ನು ಮೇಜಿನ ಕೆಳಗಿಟ್ಟ, ಶಾಲೆಯ ಟೀಚರು ಬಂದರೆಂಬಂತೆ. ಪರ್ಸಿನಲ್ಲಿ ಕೈಗೆ ಸಿಕ್ಕ ನೋಟನ್ನು ಕಾಶೆವ್ವನ ಕೈಗಿಟ್ಟು ಬಗ್ಗಿ ಹೇಳಿದೆ: "ಯಾರೂ ಏಳಬಾರದು ಅಂತ ನಾನs ಹೇಳಿಸಿದ್ದೆನ್ರಿ. ಸಣ್ಣಾಕಿ ಇದ್ದಾಗಿಂದ ಮೂರನೇ ನುಡಿ ಕೇಳಬೇಕಂತ ಐತಿ. ನಿಮ್ಮ ದನಿಗೆ ಏನೂ ಆಗಿಲ್ಲ."

ಅವಳು ಮೈಕಿನ ಮೇಲೆ ಅಂಗೈ ಮುಚ್ಚಿದಳು. ಹತ್ತಿರದಿಂದ ಅವಳ ಕಣ್ಣು ಒದ್ದೆಯಾಗಿದ್ದು ಕಂಡಿತು, ಸಿಟ್ಟೂ ಕಂಡಿತು.

"ನಿನ್ನ ಹೊಟ್ಟಿ ತಣ್ಣಗಿರಲಿ, ಎದಿ ಒಡದಿತ್ತಲ್ಲ ನಂದು!" ಎಂದಳು. ಆಮೇಲೆ, "ಮೂರನೇ ನುಡಿ? ಯವ್ವಾ, ಅದನ್ನ ಹಾಡಾಕ ನನ್ನ ಯಾರ ಬಿಟ್ಟಾರ? ಅಷ್ಟೊತ್ತಿಗೆ ಹೆಸರ ಬರತಾವು, ಪಲ್ಲಕ್ಕ ಹೊಳ್ಳತೇನಿ. ನಮ್ಮವ್ವ ಕಲಿಸಿದ್ಲು. ಮಾತ ಒಂದೂ ಉಳದಿಲ್ಲ."

"ಆಕಿ ದಾಟಿದ್ಳೊ ಇಲ್ಲೊ, ಅಷ್ಟರೆ?"

"ಅದೂ ನೆನಪಿಲ್ಲ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಧಾಟಿ ಐತಿ. ಧಾಟಿ ಹೋಗಿಲ್ಲ."

ಓಂಕಾರನಿಗೆ ಏನೋ ಹೇಳಿದಳು. ಅವನು ತಲೆಯಲ್ಲಾಡಿಸಿದ; ಅವನಿಗೆ ಗೊತ್ತಿರಲಿಲ್ಲ. "ಹಂಗಾರ ಸುಮ್ನ ಒಂದು ಸುರ ಹಿಡದ ಕುಂದ್ರು" ಎಂದಳು. ನನಗೆ ಲಗಮಪ್ಪನ ಪಕ್ಕದ ಕುರ್ಚಿ ತೋರಿಸಿದಳು. "ನೀ ಇಲ್ಲೆ ಕುಂದ್ರು. ಗ್ವಾಡಿ ಹಿಂದ ಕುಂತು ಹುಕುಂ ಮಾಡಬ್ಯಾಡ."

ನನ್ನ ಹೆಸರು, ಊರು ಕೇಳಿಕೊಂಡು, ಮೈಕಿನ ಮೇಲಿಂದ ಅಂಗೈ ತೆಗೆದು ಅದನ್ನು ಹೇಳಿದಳು. ನಂದಾ ಎಂಬ ಹೆಸರು ಬಾರಿನ ಧ್ವನಿವರ್ಧಕದಲ್ಲಿ ಮೊಳಗಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹಾಲಿನಲ್ಲಿದ್ದವರು ಸಡಿಲವಾದರು. ಯಾರೋ ಸಿಳ್ಳು ಹಾಕಿದರು. ಪ್ಲೈವುಡ್ಡಿನ ಮೇಲೆ ಶಿವಪುತ್ರನ ತಲೆ ಕಾಣಿಸಿತು. ಕುರ್ಚಿಯ ಮೇಲೆ ಹತ್ತಿ ನಿಂತಿದ್ದಿರಬೇಕು.

ಕಾಶೆವ್ವ ಪಲ್ಲ ಹಾಡಿದಳು, ಎರಡನೇ ನುಡಿ ಹಾಡಿದಳು, ಅಂಬಿಗ ಹಗ್ಗ ಬಿಚ್ಚಿದ. ಆಮೇಲೆ ಮಾತಿಲ್ಲದೆ, ಬರೀ ಆ ಎಂದು, ಮುಂದೆ ಹೋದಳು.

ನಾನು ಕಾದಿದ್ದು ಮಾತಿಗೆ. ಬಂದದ್ದು ಬೇರೆ. ಮೊದಲೆರಡು ನುಡಿಗಳು ಮುಟ್ಟದ ಒಂದು ಎತ್ತರಕ್ಕೆ ಧಾಟಿ ಏರಿತು, ಏರಿ ಅಲ್ಲೇ ನಿಂತಿತು. ನಿಂತ ಸ್ವರ ಸ್ವಲ್ಪ ಅಲುಗುತ್ತಿತ್ತು. ಅದು ಅವಳ ವಯಸ್ಸಿನದೋ ಕಾಲ ಕೆಳಗಿನ ದೋಣಿಯದೋ ನಾನು ಹೇಳಲಾರೆ. ನೀರಿನ ನಡುವೆ ಇರುವವರಿಗೆ ಎರಡು ದಡಗಳೂ ಒಂದೇ ದೂರದಲ್ಲಿ ಕಾಣುವ ಒಂದು ಗಳಿಗೆ ಇರುತ್ತದಲ್ಲ, ಆ ಹುಡುಗಿ ಅಲ್ಲಿದ್ದಾಳೆ ಎಂದು ಮಾತ್ರ ನನಗೆ ಅನಿಸಿತು.

ಅಷ್ಟರಲ್ಲಿ ಬಾಗಿಲ ಬಳಿಯ ಮೇಜಿನಿಂದ ಟ್ರ್ಯಾಕ್ಟರಿನವನೊಬ್ಬ ಎದ್ದ. ನೋಟನ್ನು ಎರಡು ಬೆರಳಿನ ನಡುವೆ ಹಿಡಿದು, ತೂರಾಡುತ್ತ, ಕಣ್ಣು ಒರೆಸಿಕೊಳ್ಳುತ್ತ ಬಂದ. ಓಂಕಾರ ರೂಢಿಯಂತೆ ಕೀಬೋರ್ಡಿನಿಂದ ಬೆರಳು ತೆಗೆದ.

ಕಾಶೆವ್ವ ಕಣ್ಣು ತೆರೆದು ಅವನನ್ನು ನೋಡಿದಳು. ಹಾಡು ಬಿಡಲಿಲ್ಲ. ಎಡಗೈ ಎತ್ತಿ, ಅಂಗೈ ತೋರಿಸಿದಳು.

ಅವನು ಹಾಲಿನ ನಡುವೆ ಹಾಗೇ ನಿಂತುಬಿಟ್ಟ, ನೋಟು ಹಿಡಿದ ಕೈ ಮುಂದಿಟ್ಟುಕೊಂಡು. ಓಂಕಾರ ಅವಸರದಿಂದ ಮತ್ತೆ ಸುರ ಹಿಡಿದ. ಎತ್ತರದಲ್ಲಿದ್ದ ಧಾಟಿ ಒಂದೊಂದೇ ಮೆಟ್ಟಿಲು ಇಳಿದು, ಕೊನೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಉಳಿದು, ನಿಂತಿತು. ಯಾರ ಹೆಸರೂ ಅದನ್ನು ನಿಲ್ಲಿಸಿರಲಿಲ್ಲ.

ಕಾಶೆವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಆಮೇಲೆ ಎತ್ತಿದ್ದ ಕೈಯನ್ನೇ ಮಡಚಿ ಅವನನ್ನು ಕರೆದಳು.

ಅವನು ಬಂದು ನೋಟು ಕೊಟ್ಟ. ಹೋಗಲಿಲ್ಲ. "ಬೇ, ಆಕಿ ದಾಟಿದ್ಳೇನ?" ಎಂದು ಕೇಳಿದ. ಮೈಕು ಹತ್ತಿರವಿದ್ದುದರಿಂದ ಪ್ರಶ್ನೆ ಎಲ್ಲರಿಗೂ ಕೇಳಿಸಿತು.

ಕಾಶೆವ್ವ ನನ್ನ ಕಡೆ ನೋಡಿದಳು. ನಾನು ಗೊತ್ತಿಲ್ಲ ಎಂದು ತಲೆಯಲ್ಲಾಡಿಸಿದೆ. ಅವಳಿಗೆ ನಗು ಬಂತು.

"ಮೊದಲ ನಿನ್ನ ಹೆಸರ ಹೇಳೊ ಮಾರಾಯಾ," ಎಂದಳು. "ಆಗಿಂದ ನಿಂದರ್ಸೇನಿ ನಿನ್ನ."

"ನನ್ನ ಹೆಸರ ಅಲ್ಲಪ್ಪ ಬೇ," ಎಂದ ಅವನು, ಎರಡೂ ಕೈ ಮುಗಿದು.