ಬಲ್ಯಾಗನ ಪಾಲಿನ ಕರೆಂಟು

ನಮ್ಮೂರಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಉಳಿದವರೆಲ್ಲ ತಮ್ಮ ಮನೆಯ ದೀಪ ಆರಿಸುತ್ತಾರೆ. ಇದೇನು ತಾತ ಮುತ್ತಾತಂದಿರ ಪದ್ಧತಿಯಲ್ಲ. ಅವರ ಕಾಲದಲ್ಲಿ ಪೈನ್ ಮರದ ಅಂಟು ಚಕ್ಕೆ ಬಿಟ್ಟರೆ ಬೇರೆ ಬೆಳಕೇ ಇರಲಿಲ್ಲ. ಸರ್ಕಾರದ ಕಂಬಗಳು ಈ ಕಣಿವೆಗೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಊರವರೇ ಹಳ್ಳದಿಂದ ಕಾಲುವೆ ತೋಡಿ, ನೀರಿಗೆ ಚಕ್ರ ಕೂರಿಸಿ ಕರೆಂಟು ಮಾಡಿಕೊಂಡೆವು. ಚಕ್ರ ಚಿಕ್ಕದು. ಸಾವಿನ ಮನೆಗೆ ಬರುವ ಜನಕ್ಕೆ ಬೆಳಗಿನವರೆಗೂ ಬೆಳಕು ಬೇಕು. ಹಾಗಾಗಿ ಉಳಿದವರು ಕತ್ತಲಲ್ಲಿ ಕೂರುತ್ತಿದ್ದರು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಆ ಮೊದಲ ಕಾಲುವೆಗೆ ಕಬ್ಬಿಣದ ಕೊಳವೆಗಳನ್ನು ಹೆಗಲ ಮೇಲೆ ಹೊತ್ತು ತಂದವರಲ್ಲಿ ನನ್ನ ಗಂಡ ಬಲ್ಯಾಗನೂ ಒಬ್ಬ. ಆಮೇಲೆ ಅವನು ಚಿನ್ನದ ಗಣಿಗೆ ಹೋದ. ಸುರಂಗದ ಕಲ್ಲುಪುಡಿ ಎದೆಯಲ್ಲಿ ತುಂಬಿಕೊಂಡು ವಾಪಸು ಬಂದ. ಕೊನೆಗೆ ಮಲಗಿದರೆ ಉಸಿರು ಕಟ್ಟುವಂತಾಗಿ, ಹಗಲೂ ಇರುಳೂ ಕುರ್ಚಿಯಲ್ಲೇ ಕೂತಿರುತ್ತಿದ್ದ. ಬಗಿಯೊ ಪಟ್ಟಣದ ಆಸ್ಪತ್ರೆಯವರು ಗಾಳಿಯಿಂದ ಆಮ್ಲಜನಕ ಹೀರಿ ಕೊಡುವ ಒಂದು ಯಂತ್ರವನ್ನು ಜೊತೆಗೆ ಕಳಿಸಿದರು. ನೋಡಲು ಅಕ್ಕಿ ಡಬ್ಬದಷ್ಟಿತ್ತು, ಆದರೆ ಅದರ ಹೊಟ್ಟೆ ಬಕಾಸುರನದು. ಒಂದು ಕೇರಿಯ ಬಲ್ಬುಗಳಷ್ಟು ಕರೆಂಟನ್ನು ಅದೊಂದೇ ನುಂಗುತ್ತಿತ್ತು.

ಮಳೆಗಾಲ ಹೇಗೋ ಕಳೆಯಿತು. ಬೇಸಿಗೆಯಲ್ಲಿ ಹಳ್ಳ ಸೊರಗಿತು. ಅಷ್ಟು ಹೊತ್ತಿಗೆ ಊರೂ ಮೊದಲಿನ ಊರಾಗಿರಲಿಲ್ಲ. ಮನೆಮನೆಗೂ ಕರೆಂಟಿನಲ್ಲಿ ಅನ್ನ ಬೇಯಿಸುವ ಕುಕ್ಕರು, ಟಿವಿ, ಅಂಗಡಿಯಲ್ಲಿ ಫ್ರಿಜ್ಜು ಬಂದಿದ್ದವು. ಸಂಜೆಯಾಯಿತೆಂದರೆ ಬಲ್ಬುಗಳು ಕೆಂಪಗಾಗಿ, ಬಲ್ಯಾಗನ ಯಂತ್ರ ನರಳತೊಡಗಿತು. ಸ್ವಲ್ಪ ಕರೆಂಟು ಬಿಟ್ಟುಕೊಡಿ ಎಂದು ಕೇಳಲು ನಾನು ಊರ ಹಿರಿಯರು ಸೇರುವ ಕಲ್ಲುಕಟ್ಟೆಗೆ ಹೋಗಿ ನಿಂತೆ.

ನನಗಿಂತ ಮೊದಲು ಕಿಲಾಯ್ ಅಜ್ಜಿ ಬಾಯಿ ತೆಗೆದಳು. ಹಲ್ಲಿಲ್ಲದಿದ್ದರೂ ಅವಳ ಮಾತು ಕಚ್ಚುತ್ತದೆ.

"ಸತ್ತೋರಿಗೆ ದೀಪ ಆರಿಸ್ತೀರ. ಬದುಕಿರೋನಿಗೆ ಆರಿಸೋಕೆ ಏನ್ರೋ ನಿಮಗೆ ರೋಗ? ಸಾಯ್ಲಿ ಆಮೇಲೆ ನೋಡೋಣ ಅಂತ ಕಾಯ್ತಾ ಇದೀರ?"

ಆ ಬೇಸಿಗೆಯೆಲ್ಲ ಊರಲ್ಲಿ ಕುಕ್ಕರು ಹಚ್ಚಲಿಲ್ಲ, ಟಿವಿ ಹಾಕಲಿಲ್ಲ. ಮನೆಗೊಂದೇ ಬಲ್ಬು, ಅದೂ ಊಟ ಮುಗಿಯುವವರೆಗೆ ಮಾತ್ರ. ಟಿವಿ ಇಲ್ಲದ್ದರಿಂದ ಎಲ್ಲರೂ ಸಂಜೆ ನಮ್ಮ ಮನೆಗೆ ಬಂದು ಬಲ್ಯಾಗನ ಸುತ್ತ ಕೂರುತ್ತಿದ್ದರು.

"ಬಲ್ಯಾಗಣ್ಣ, ನಿನ್ನ ಮೂಗಿನ ದೆಸೆಯಿಂದ ದಿನಾ ಒಲೆ ಊದಿ ಊದಿ ನನ್ನ ಕಣ್ಣೇ ಹೋಯ್ತು ನೋಡು," ಎನ್ನುವಳು ಪಕ್ಕದ ಮನೆಯ ಡೊಲೋರೆಸ್.

"ಊದಮ್ಮ, ಊದು. ನಿನಗೆ ಉಸಿರಿದೆ, ಊದ್ತೀಯ. ನನ್ನ ಕೈಲಾಗಿದ್ರೆ ನಾನೇ ಬಂದು ಊದ್ತಿದ್ದೆ," ಎನ್ನುವನು ಇವನು. ನಕ್ಕರೆ ಕೆಮ್ಮು ಬರುತ್ತಿತ್ತು. ಆದರೂ ನಗುತ್ತಿದ್ದ. ಗಣಿಯಿಂದ ಬಂದ ಮೇಲೆ ಅವನನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ.

ಹೀಗೇ ಎಷ್ಟು ದಿನ ಎಂದು ಊರವರು ಎರಡನೇ ಚಕ್ರಕ್ಕೆ ಕೈಹಾಕಿದರು. ಮೇಲಿನ ಕಾಡಿನ ಒರತೆಯಿಂದ ಇನ್ನೊಂದು ಕಾಲುವೆ. ಒರತೆಯ ಮೇಲ್ಗಡೆ ಕೊಡಲಿ ಆಡಿಸಬಾರದೆಂದು ಕಟ್ಟು ಮಾಡಿದರು. ಸರದಿಯ ಮೇಲೆ ಮನೆಗೊಬ್ಬರು ಅಗೆಯಲು ಹೋಗಬೇಕು. ನಮ್ಮ ಸರದಿಗೆ ನಾನೇ ಗುದ್ದಲಿ ಹಿಡಿದು ಹೋಗುತ್ತಿದ್ದೆ. ಸಂಜೆ ಬಂದರೆ ಬಲ್ಯಾಗ್ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, "ಎಲ್ಲೀವರೆಗೆ ಬಂತು?" ಎಂದು ಕೇಳುವನು. ನಾನು ಬಂಡೆಯ ಹೆಸರು, ಮರದ ಹೆಸರು ಹೇಳುವೆ. ಅವನು ಕಣ್ಣುಮುಚ್ಚಿ ಕಾಲುವೆಯನ್ನು ನೋಡುವನು.

"ನೀರು ಬರೋವರೆಗೂ ಇರ್ತೀನಿ. ಆಮೇಲೆ ಈ ಜನಕ್ಕೆ ನನ್ನ ಭಾರ ಇರಲ್ಲ," ಎಂದ ಒಂದು ದಿನ.

"ಭಾರ ಅಂತ ಯಾರಂದ್ರು? ಹೆಸರು ಹೇಳು, ಹೋಗಿ ಗ್ರಹಚಾರ ಬಿಡಿಸ್ತೀನಿ," ಎಂದು ರೇಗಿದೆ. ಅಂದವರು ಯಾರೂ ಇರಲಿಲ್ಲ.

ಚಕ್ರ ನೋಡಿಕೊಳ್ಳುವವನು ಕಲಿಸ್ತೊ. ಅವನ ಮನೆಯಲ್ಲಿ, ಅಂದರೆ ಚಕ್ರದ ಕೊಟ್ಟಿಗೆಯಲ್ಲಿ, ನೀರು ತುಂಬಿದ ಒಂದು ಕಬ್ಬಿಣದ ಡ್ರಮ್ಮಿದೆ. ಚಕ್ರ ಸುಮ್ಮನಿರುವುದಿಲ್ಲ, ತಿರುಗುತ್ತಲೇ ಇರುತ್ತದೆ. ಊರವರು ಬಳಸದೆ ಉಳಿದ ಕರೆಂಟು ಆ ಡ್ರಮ್ಮಿಗೆ ಹೋಗಿ ನೀರು ಕಾಯಿಸುತ್ತದೆ. ಇಲ್ಲದಿದ್ದರೆ ಚಕ್ರಕ್ಕೆ ಹುಚ್ಚು ಹಿಡಿದು ಕಿತ್ತುಹೋಗುತ್ತದಂತೆ. "ಕೂಡಿಟ್ಟುಕೊಳ್ಳೋಕೆ ಇದೇನು ಅಕ್ಕಿನಾ ಅಕ್ಕ? ಆಗಿಂದಾಗ್ಗೆ ಖರ್ಚಾಗ್ಬೇಕು," ಎನ್ನುತ್ತಿದ್ದ ಕಲಿಸ್ತೊ. ಬೇಸಿಗೆಯಲ್ಲಿ ಡ್ರಮ್ಮು ತಣ್ಣಗಿರುತ್ತಿತ್ತು. ಮಳೆಗಾಲದಲ್ಲಿ ಅವನು ಅದರಲ್ಲಿ ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದ, ಬಿಸಿನೀರು ಸ್ನಾನ ಮಾಡುತ್ತಿದ್ದ. ಊರಲ್ಲೆಲ್ಲ ಕಲಿಸ್ತೊನಷ್ಟು ಸ್ವಚ್ಛ ಗಂಡಸಿಲ್ಲ ಎಂದು ಹೆಂಗಸರು ರೇಗಿಸುತ್ತಿದ್ದರು.

ಕೊನೆಗೂ ಹೊಸ ಚಕ್ರ ತಿರುಗಿತು. ಅದರ ಹಬ್ಬದ ದಿನ ಕೊಟ್ಟಿಗೆಯ ಅಂಗಳದಲ್ಲಿ ಹಂದಿ ಕಡಿದರು, ಜಾಗಟೆಯಂಥ ಗಂಟೆತಟ್ಟೆಗಳನ್ನು ಬಾರಿಸಿಕೊಂಡು ಗಂಡಸರು ಸುತ್ತು ಕುಣಿದರು. ನನಗೆ ಹೋಗಲು ಮನಸ್ಸಿರಲಿಲ್ಲ. ಕರೆಂಟು ಹೋದರೆ ಇರಲಿ ಎಂದು ಮನೆಯಲ್ಲಿಟ್ಟಿದ್ದ ಆಮ್ಲಜನಕದ ಸಿಲಿಂಡರು ಹಿಂದಿನ ವಾರವೇ ಖಾಲಿಯಾಗಿತ್ತು. ಪಟ್ಟಣಕ್ಕೆ ಹೊತ್ತುಕೊಂಡು ಹೋಗಿ ತುಂಬಿಸಿಕೊಂಡು ಬರುತ್ತೇನೆಂದರೆ ಬಲ್ಯಾಗನೇ ತಡೆದಿದ್ದ.

"ಹೊಸ ಚಕ್ರ ಬಂತಲ್ಲ, ಇನ್ನೇನಕ್ಕೆ ಅದು? ಹೋಗು. ನಮ್ಮ ಪಾಲಿನ ಮಾಂಸ ಬಿಟ್ಟು ಬಂದೀಯ ಮತ್ತೆ. ಕೊಬ್ಬಿರೋ ತುಂಡೇ ಕೇಳು."

"ನೀನೊಬ್ಬನೇ ಇರ್ತೀಯಾ?"

"ಒಬ್ನೇ ಎಲ್ಲಿ? ಇದು ಗುರ್ ಅಂತ ಕೂತಿದೆಯಲ್ಲ," ಎಂದು ಯಂತ್ರದ ತಲೆ ತಟ್ಟಿದ.

ಅಲ್ಲಿ ಕಲಿಸ್ತೊ ಎತ್ತರದ ಕಲ್ಲು ಹತ್ತಿ ಕೂಗಿದ. "ಎಲ್ರೂ ಹಾಕ್ಕೊಳ್ರಪ್ಪ! ಇವತ್ತಿಂದ ಕೇಳೋದೇ ಬೇಡ!" ಬೇಸಿಗೆಯಿಡೀ ಬಾಯಿ ಕಟ್ಟಿದ್ದ ಜನ. ಹುಡುಗಿಯರು ಮನೆಗಳಿಗೆ ಓಡಿದರು. ಇದ್ದಬದ್ದ ಕುಕ್ಕರು, ಇಸ್ತ್ರಿಪೆಟ್ಟಿಗೆ, ಟಿವಿ, ಎಲ್ಲವನ್ನೂ ಒಟ್ಟಿಗೆ ಹಾಕಿದರು. ಅಂಗಳದಲ್ಲೇ ನಾಲ್ಕಾರು ಕುಕ್ಕರುಗಳನ್ನು ಸಾಲಾಗಿ ಇಟ್ಟಿದ್ದರು. ಅನ್ನ ಅರ್ಧ ಬೆಂದಿತ್ತು, ಭಾರ ತಾಳದೆ ಹೊಸ ಚಕ್ರ ನಿಂತು, ಊರಿಗೇ ಕರೆಂಟು ಹೋಗಿ ಕುಕ್ಕರುಗಳ ಕೆಂಪು ಕಣ್ಣು ಆರಿಹೋಯಿತು.

"ಹೊಸ ಮದುವಣಗಿತ್ತಿ ಮುನಿಸ್ಕೊಂಡ್ಳು!" ಎಂದರು ಯಾರೋ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಡಹಗಲು. ಊರಲ್ಲಿ ಕತ್ತಲೆಯಾಗಿದ್ದರೆ ಗೊತ್ತಾಗುತ್ತಿತ್ತೋ ಏನೋ. ಕರೆಂಟು ಹೋದರೆ ಬಲ್ಯಾಗನ ಯಂತ್ರ ಸಿಳ್ಳೆ ಹಾಕುತ್ತದೆ. ಗಂಟೆತಟ್ಟೆಗಳ ಸದ್ದಿನಲ್ಲಿ ಅದು ಯಾರ ಕಿವಿಗೆ ಬೀಳಬೇಕು? ಕುಣಿತದ ಸುತ್ತು ಮುಗಿಸಿ, ಬೆವರೊರೆಸಿಕೊಂಡು ಕಲಿಸ್ತೊ ಒಳಹೋದ. ಚಕ್ರ ಮತ್ತೆ ತಿರುಗಿತು.

ನಾನು ಬಾಳೆಲೆಯಲ್ಲಿ ಮಾಂಸ ಕಟ್ಟಿಕೊಂಡು ಮನೆಗೆ ಬಂದೆ. ಬಾಗಿಲಿಂದಾಚೆಗೇ ಗುರ್ ಎನ್ನುವ ಸದ್ದು ಕೇಳಿಸಿತು. ಸದ್ಯ, ನಡೀತಾ ಇದೆ ಎಂದುಕೊಂಡೆ. "ಕೊಬ್ಬಿರೋದೇ ತಂದಿದೀನಿ," ಎನ್ನುತ್ತಾ ಒಳಗೆ ಹೋದೆ. ಬಲ್ಯಾಗ್ ಒಂದು ಕಡೆಗೆ ವಾಲಿದ್ದ. ಕೈ ಕಿಟಕಿಯತ್ತ ಚಾಚಿತ್ತು. ಮೂಗಿನ ಕೊಳವೆಯಲ್ಲಿ ಗಾಳಿ ಬರುತ್ತಲೇ ಇತ್ತು.

ನಮ್ಮಲ್ಲಿ ಸತ್ತವರನ್ನು ಕುರ್ಚಿಯಲ್ಲಿ ಕೂರಿಸುತ್ತೇವೆ. ಅವನನ್ನು ಹೊಸದಾಗಿ ಕೂರಿಸುವುದೇನಿತ್ತು? ಮೈ ತೊಳೆದು, ಕಂಬಳಿ ಹೊದಿಸಿ, ಅದೇ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿದೆವು. ಸಂಜೆಯಾಯಿತು. ನಮ್ಮ ಮನೆಯ ಬಲ್ಬುಗಳನ್ನೆಲ್ಲ ಹಾಕಿದರು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಂತೆ ಡೊಲೋರೆಸಳ ಮನೆಯ ದೀಪ ಆರಿತು. ಅದರ ಪಕ್ಕದ್ದು ಆರಿತು. ಆಮೇಲೆ ಅಂಗಡಿ, ಆಮೇಲೆ ಕೆಳಗಿನ ಕೇರಿ.

ನನಗೆ ಮೈಯೆಲ್ಲ ಉರಿದುಹೋಯಿತು.

"ಈಗ ಆರಿಸ್ತೀರೇನ್ರೋ?" ಎಂದು ಕಿರುಚಿದೆ. "ಈಗ ಯಾರಿಗ್ ಬೇಕ್ರೋ? ಹಾಕ್ರೋ! ಕುಕ್ಕರ್ ಹಾಕಿ, ಟಿವಿ ಹಾಕಿ, ಎಲ್ಲಾ ಹಾಕಿ!"

ಕಿಲಾಯ್ ಅಜ್ಜಿ ಬಂದು ನನ್ನ ತೋಳು ಹಿಡಿದುಕೊಂಡಳು. ಕೊಟ್ಟಿಗೆಯ ಕಡೆಯಿಂದ ಕಲಿಸ್ತೊ ಬಂದು ಮೆಟ್ಟಿಲ ಮೇಲೆ ಕುಸಿದ. ಅತ್ತು ಅತ್ತು ಅವನ ಮುಖ ಊದಿತ್ತು.

"ಅಕ್ಕ, ಬೇಡ ಅಂತ ನಾನೂ ಮನೆಮನೆಗೆ ಹೋಗಿ ಹೇಳ್ದೆ. ಬೇಕಾದಷ್ಟಿದೆ, ಆರಿಸ್ಬೇಡಿ ಅಂದೆ. ಯಾರೂ ಕೇಳ್ತಿಲ್ಲ."

ಯಾರೂ ಕೇಳಲಿಲ್ಲ. ಊರಿಗೆ ಊರೇ ಕತ್ತಲಲ್ಲಿ ಕೂತಿತು. ಬಲ್ಯಾಗನಿಗಾಗಿ ಅವರು ಉಳಿಸಿದ ಕರೆಂಟೆಲ್ಲ ಕಲಿಸ್ತೊನ ಡ್ರಮ್ಮಿಗೆ ಹೋಗಿ, ಬೆಳಗಿನವರೆಗೂ ನೀರು ಕುದಿಯಿತು.