ಐವರ ಡಬ್ಬಿ

“ಓರೆ ಮಾಡ್ರೋ, ಓರೆ! ಗೋಡೆಗೆ ತಾಗುತ್ತೆ,” ಎಂದ ಗಡ್ಡದವನು. ನಾಲ್ವರೂ ಖಾಲಿ ಶವಪೆಟ್ಟಿಗೆಯನ್ನು ಹೊಸ್ತಿಲಲ್ಲೇ ಇಳಿಸಿದರು. ಸಬ್‌ಸ್ಟೇಷನ್ನಿನಲ್ಲಿ ಟ್ರಾನ್ಸ್‌ಫಾರ್ಮರುಗಳನ್ನೇ ಸರಿಸಿದ ಕೈಗಳನ್ನು ಈ ಬಾಗಿಲು ಸೋಲಿಸಿತ್ತು.

“ಫ್ಯೂಸಣ್ಣ ಇದ್ದಿದ್ರೆ ಇಷ್ಟೊತ್ತಿಗೆ ನಮ್ಮ ಜನ್ಮ ಜಾಲಾಡಿರೋನು,” ಎಂದ ಇನ್ನೊಬ್ಬ.

ಫ್ಯೂಸಣ್ಣ ಒಳಗೆ ಮಂಚದ ಮೇಲೆ ಹೆಣವಾಗಿ ಮಲಗಿದ್ದ. ರಕ್ತದ ಕಾಯಿಲೆ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು.

ಅವನ ಹೆಂಡತಿ ಅತ್ತಿರಲಿಲ್ಲ. ಸಬ್‌ಸ್ಟೇಷನ್ನಿನವರಿಗೆ ಮಾತ್ರೆ ಕೊಟ್ಟು ಪರೀಕ್ಷೆ ನಡೆಸಿದ್ದ ಡಾಕ್ಟರಮ್ಮ ಪಕ್ಕದಲ್ಲಿ ಕೂತಾಗಲೇ ಬಾಯಿಬಿಟ್ಟಳು.

“ಸುಳ್ಳು ಹೇಳಬೇಡಿ ತಾಯಿ. ನಿಮ್ಮ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ವಿಟಮಿನ್ನು, ಅರ್ಧ ಜನಕ್ಕೆ ಬರೀ ಹಿಟ್ಟಿನ ಮಾತ್ರೆ ಕೊಟ್ರಂತಲ್ಲ. ಇವರಿಗೆ ಯಾವುದು ಬಂತು?”

“ವಿಟಮಿನ್ನೇ ಅಮ್ಮಾ. ಆದರೆ ಕಾಯಿಲೆ ಕರೆಂಟಿನ ತಂತಿಯಿಂದ ಬಂತೋ, ಮಾತ್ರೆಯಿಂದ ನಿಲ್ತಿತ್ತೋ, ನಮಗೂ ಗೊತ್ತಿಲ್ಲ.”

ಅವಳ ಎದೆಯಿಂದ ದೊಡ್ಡ ಉಸಿರೊಂದು ಇಳಿಯಿತು. “ಹಾಗಾದ್ರೆ ಯಾರೂ ಮೋಸ ಮಾಡಲಿಲ್ಲ. ದೇವರು ಕೊಟ್ಟಿದ್ದೇ ಅಷ್ಟು.”

*

ಹೈ ವೋಲ್ಟೇಜ್ ತಂತಿಗಳ ಸುತ್ತಲಿನ ಕಾಂತಕ್ಷೇತ್ರ ಮೈಗೆ ಆಗದೇನೋ ಎಂಬ ಅನುಮಾನದಿಂದ ಮಾತ್ರೆ ಬಂದಿದ್ದವು. ಅಂದು ಫ್ಯೂಸಣ್ಣ ಮತ್ತು ಈ ನಾಲ್ವರು, ಐವರ ಮುಂದೆ ಹೆಸರು ಬರೆದ ಐದು ಶೀಶೆ.

ಗಡ್ಡದವನು ತನ್ನದನ್ನು ಅಲುಗಾಡಿಸಿ ನೋಡಿದ. ಮನೆಯಲ್ಲಿ ಹೆಂಡತಿ ಬಸುರಿ. “ನನ್ನ ಹಣೆಬರಹಕ್ಕೆ ಪೊಳ್ಳು ಮಾತ್ರೇನೇ ಬಂದಿರುತ್ತೆ ಅಣ್ಣ.”

ಫ್ಯೂಸಣ್ಣ ಊಟದ ಡಬ್ಬಿ ತೊಳೆದು ಒರೆಸಿ, ತನ್ನ ಶೀಶೆಯನ್ನೇ ಮೊದಲು ಸುರಿದ. “ಹಾಕ್ರೋ ಎಲ್ಲಾ. ಒಂದೇ ತಂತಿ ಕೆಳಗೆ ನಿಲ್ಲೋರಿಗೆ ಪಂಕ್ತಿಭೇದ ಯಾಕೆ?” ದೇವರನ್ನು ನೆನೆದು ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ್ದನ್ನು ನುಂಗಿದ.

*

“ಮೋಸದ ಮಾತೆಲ್ಲಿಂದ ಬಂತು ಅತ್ತಿಗೆ!” ಬಾಗಿಲಲ್ಲಿದ್ದ ಗಡ್ಡದವನಿಗೆ ಸತ್ತವನನ್ನು ಹೊಗಳದೆ ಕಳಿಸಲು ಮನಸ್ಸು ಬರಲಿಲ್ಲ. “ಅಣ್ಣ ತನ್ನ ಮಾತ್ರೆ ತಾನೇ ತಿಂದೋನಲ್ಲ. ಎಲ್ಲರದ್ದೂ ಒಂದೇ ಡಬ್ಬಿಗೆ ಹಾಕಿಸಿ, ಕೈಗೆ ಸಿಕ್ಕಿದ್ದು ತಗೊಳ್ರೋ ಅಂದ. ಅಂಥ ಮನುಷ್ಯ!”

ಡಾಕ್ಟರಮ್ಮ ತಲೆ ತಗ್ಗಿಸಿದರು.

“ಇವರದು ನೀವು ತಿಂದ್ರಾ?” ಹೆಂಡತಿಯ ದನಿ ಏರಲಿಲ್ಲ.

“ಎಲ್ಲರೂ ಎಲ್ಲರದ್ದೂ ತಿಂದ್ವಿ ಅತ್ತಿಗೆ.”

ಪೆಟ್ಟಿಗೆ ಹೇಗೋ ಒಳಗೆ ಬಂತು. ಅವನನ್ನು ಮಲಗಿಸಿ, ಮುಚ್ಚಿ, ನಾಲ್ವರೂ ಹೆಗಲು ಕೊಟ್ಟರು. ಭಾರವೇನೂ ಇರಲಿಲ್ಲ.

ಅಂಗಳದಲ್ಲಿ ಹೆಂಡತಿ ಎದುರು ಬಂದಳು. ಕೊನೆಯ ಸಲ ಮುಟ್ಟಲಿ ಎಂದು ಜನ ದಾರಿ ಬಿಟ್ಟರು. ಅವಳು ಪೆಟ್ಟಿಗೆಯ ಕಡೆ ನೋಡಲಿಲ್ಲ. ಹೊತ್ತವರ ಮುಂದೆ ಒಬ್ಬೊಬ್ಬರಾಗಿ ನಿಂತು, ಮೈಯಲ್ಲಿ ರಕ್ತ ಎಷ್ಟಿದೆಯೆಂದು ಡಾಕ್ಟರು ನೋಡುವ ಹಾಗೆ ಹೆಬ್ಬೆರಳಿನಿಂದ ಅವರ ಕಣ್ಣಿನ ಕೆಳರೆಪ್ಪೆ ಎಳೆದು, ಒಳಗಿನ ಕೆಂಪನ್ನು ನೋಡತೊಡಗಿದಳು.